ಬಲಗೈ ಬೆರಳಿನ ಟೆಂಡನ್ ಕಟ್ ಆಗಿ ಆಪರೇಷನ್ ಆಗಿದೆ, ಫ್ಲೈ ಫಿಶಿಂಗ್ ಸೀಸನ್ ಎದುರಿಗೇ ಇದೆ, ಹೇಗೆ ತಡ್ಕೊಳ್ಳೋದು?

ನಿಮ್ಮ ಪ್ರಶ್ನೆ ಓದ್ತಾ ಇದ್ದ ಹಾಗೇ ನನ್ನ ಬಲಗೈ ತೋರುಬೆರಳು ತಾನಾಗೇ ಮಡಚ್ಕೊಳ್ತು. ಹೋದ ವಾರ ಗಾಜು ತಾಗಿ ಟೆಂಡನ್ (ಸ್ನಾಯುವನ್ನ ಮೂಳೆಗೆ ಸೇರಿಸೋ ಗಟ್ಟಿ ದಾರ) ಹೋಯ್ತು, ಹೊಲಿಗೆ ಆಗಿದೆ, ರಾಡ್ ಹಿಡಿಯೋ ಕೈಯೇ ಹೋದ್ಮೇಲೆ ರಾತ್ರಿ ನಿದ್ದೆ ಬರ್ತಿಲ್ಲ ಅಂತ ಬರ್ದಿದೀರ. ನಂಗೂ ಇದೇ ಆಗಿತ್ತು, ಇದೇ ಕೈ, ಇದೇ ಸಮಯ. ನಾನು ಡಾಕ್ಟರ್ ಅಲ್ಲ, ಅನುಭವಿಸಿದ್ದನ್ನ ಹೇಳ್ತೀನಿ ಅಷ್ಟೇ, ನಿಮ್ಮ ಸರ್ಜನ್ ಮತ್ತೆ ಥೆರಪಿಸ್ಟ್ ಹೇಳಿದ್ದೇ ನಿಮಗೆ ಕೊನೆ ಮಾತು.

ನಾನಿರೋದು ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜಲ್ಲಿ, ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಅಜ್ಜನ ಜೊತೆ ಬಿದಿರು ಕೋಲಿಗೆ ಗಾಳ ಕಟ್ಟಿ ಎರೆಹುಳ ಸಿಕ್ಕಿಸಿ ತುಂಗೆ ದಡದಲ್ಲಿ ಕೂತವನು ಇಲ್ಲಿಗೆ ಬಂದು, ಎರೆಹುಳದ ಬದ್ಲು ಹುಕ್ಕಿಗೆ ದಾರ ಗರಿ ಸುತ್ತಿ ಮಾಡಿದ ನಕಲಿ ಹುಳ, ಅಂದ್ರೆ ಫ್ಲೈ, ಬೀಸಿ ಮೀನು ಹಿಡಿಯೋ ಫ್ಲೈ ರಾಡ್ ಹಿಡಿದೆ, ಹತ್ತು ವರ್ಷದ ಮೇಲಾಯ್ತು. ಏಪ್ರಿಲ್ ಎರಡನೇ ವಾರ, ಸಿಂಕಲ್ಲಿ ಗಾಜಿನ ಲೋಟದೊಳಗೆ ಕೈ ಹಾಕಿ ತಿರುಗಿಸಿ ತೊಳೀತಿದ್ದೆ, ಪಟ್ ಅಂತ ಒಡೀತು. ಗಾಯ ನೋಡಿದ್ರೆ ಒಂದು ಸಣ್ಣ ಗೀರು, ತೋರುಬೆರಳಿನ ಬುಡದಲ್ಲಿ. ಬಟ್ಟೆ ಒತ್ತಿ ಕೈ ಮೇಲೆತ್ತಿ ಹಿಡಿದ್ರೆ ರಕ್ತನೂ ಬೇಗ ನಿಂತ್ಹೋಯ್ತು, ಬ್ಯಾಂಡೇಜ್ ಸುತ್ತಿ ಮಲಗೋಣ ಅಂತಿದ್ದೆ, ಆಮೇಲೆ ನೋಡಿದ್ರೆ ಬೆರಳಿನ ತುದಿ ಮಡಚ್ತಾನೇ ಇಲ್ಲ, ಒಂದು ಪಕ್ಕ ಮರಗಟ್ಟಿದೆ. ಬೆರಳು ಮಡಚೋ ಎರಡೂ ಟೆಂಡನ್ ಮತ್ತೆ ಒಂದು ಪಕ್ಕದ ನರ ಕಟ್ ಆಗಿತ್ತು. ಐದನೇ ದಿನ ಆಪರೇಷನ್. ಇದನ್ನ ನಿಮಗಿಂತ ಜಾಸ್ತಿ ಬೇರೆ ಓದುಗರಿಗೆ ಹೇಳ್ತಿದೀನಿ: ಗಾಜೋ ಚಾಕುವೋ ತಾಗಿದ್ಮೇಲೆ ಬೆರಳಿನ ಒಂದೊಂದು ಗಂಟೂ ಮಡಚುತ್ತಾ, ತುದಿ ಮುಟ್ಟಿದ್ರೆ ಗೊತ್ತಾಗುತ್ತಾ ಅಂತ ನೋಡ್ಲೇಬೇಕು, ಗಾಯ ಸಣ್ಣದಾದ್ರೂ ಸರಿ. ಉಂಗುರ ಇದ್ರೆ ಊದೋಕೆ ಮುಂಚೆ ತೆಗೀರಿ. ಆಪರೇಷನ್ ತಡ ಆದಷ್ಟೂ ಕಟ್ ಆದ ತುದಿ ಒಳಗೆ ಸರ್ಕೊಂಡು ಹೋಗಿ ಕಷ್ಟ ಆಗುತ್ತೆ.

ನಮ್ಮೂರ ಕಡೆ ಟೆಂಡನ್ನಿಗೂ ನರಕ್ಕೂ ಎರಡಕ್ಕೂ 'ನರ' ಅಂದ್ಬಿಡ್ತಾರೆ, ಅದ್ರಿಂದ ಫೋನಲ್ಲಿ ಮನೆಯವರಿಗೆ ಅರ್ಥ ಮಾಡ್ಸೋಕೇ ಒಂದು ದಿನ ಹೋಯ್ತು. ನಂಗೆ ಅರ್ಥ ಆಗಿದ್ದು ಸೈಕಲ್ ಬ್ರೇಕ್ ಕೇಬಲ್ ಲೆಕ್ಕದಲ್ಲಿ. ಮೊಣಕೈ ಕೆಳಗಿನ ಸ್ನಾಯು ಎಳೆಯುತ್ತೆ, ಕೇಬಲ್ ಕೊಳವೆಯೊಳಗೆ ಜಾರುತ್ತೆ, ಬೆರಳು ಮಡಚುತ್ತೆ. ಹೊಲಿದ ಕೇಬಲನ್ನ ಅಲ್ಲಾಡಿಸದೇ ಬಿಟ್ರೆ ಕೊಳವೆಗೇ ಅಂಟ್ಕೊಳ್ಳುತ್ತೆ, ಜೋರಾಗಿ ಎಳೆದ್ರೆ ಹೊಲಿಗೆ ಕಿತ್ತು ಬರುತ್ತೆ. ಈ ಎರಡರ ಮಧ್ಯೆ ಮೂರು ತಿಂಗಳು ಹಾಯ್ಬೇಕು. ಬೆರಳಿನ ಬುಡದಿಂದ ನಡುಗೆಣ್ಣಿನವರೆಗಿನ ಆ ಜಾಗದಲ್ಲಿ ಎರಡು ಟೆಂಡನ್ನೂ ಒಂದೇ ಇಕ್ಕಟ್ಟಾದ ಕೊಳವೆಯಲ್ಲಿ ಓಡ್ತವೆ, ಹಿಂದಿನ ಕಾಲದ ಸರ್ಜನ್‌ಗಳು ಅಲ್ಲಿ ಹೊಲಿಯೋಕೇ ಹೆದರ್ತಿದ್ರಂತೆ.

ನಂಗೆ ಕೈ ಹಿಂಭಾಗಕ್ಕೆ ಪ್ಲಾಸ್ಟಿಕ್ ಸ್ಪ್ಲಿಂಟ್ (ಆಸರೆ ಪಟ್ಟಿ) ಹಾಕಿದ್ರು, 6 ವಾರ ಹಗಲೂ ರಾತ್ರಿ. ಗಂಟೆಗೊಂದ್ಸಲ ಎಡಗೈಯಿಂದ ಬೆರಳನ್ನ ಮೆಲ್ಲಗೆ ಮಡಚೋದು, ಸ್ಪ್ಲಿಂಟ್ ತಾಗೋವರೆಗೆ ಮಾತ್ರ ನೀಟೋದು, ಹತ್ತು ಸಲ. ಬೇಜಾರಿನ ಕೆಲಸ. ಮೀನಿಗಿಂತ ಮುಂಚೆ ನಂಗೆ ಕಷ್ಟ ಆಗಿದ್ದು ಊಟ. ಎಡಗೈಲಿ ಚಮಚ ಹಿಡಿದು ಅನ್ನ ಸಾರು ತಿಂದ್ರೆ ಊಟ ಮಾಡಿದ ಹಾಗೇ ಆಗ್ತಿರ್ಲಿಲ್ಲ, ಅಮ್ಮ ದಿನಾ ಫೋನಲ್ಲಿ "ಉಂಡ್ಯಾ? ಹ್ಯಾಗೆ ಉಂಡೆ?" ಅಂತ ಕೇಳೋರು. ಥೆರಪಿಸ್ಟ್ ಮೊದಲನೇ ದಿನ ನಿಮ್ಮ ಗುರಿ ಏನು ಅಂದಾಗ ನಾನು ಎರಡು ಹೇಳ್ದೆ, ಅನ್ನ ಕಲಸಿ ಉಣ್ಬೇಕು, ಟ್ರೌಟ್ ಮೀನು ಹಿಡೀಬೇಕು. ಆಕೆ ಅನ್ನ ಕಲಸೋದು ಹೇಗೆ ಅಂತ ತೋರಿಸೋಕೆ ಹೇಳಿ, ಎಡಗೈಲಿ ಮಾಡಿ ತೋರಿಸ್ದಾಗ, ಬೆರಳಿಗೆ ಇದಕ್ಕಿಂತ ಒಳ್ಳೆ ವ್ಯಾಯಾಮ ಇಲ್ಲ, ಟೈಮ್ ಬಂದಾಗ ಇದನ್ನೇ ಮಾಡ್ಸೋಣ ಅಂದ್ರು. ನೀವೂ ಥೆರಪಿಸ್ಟಿಗೆ ಬರೀ "ಕೈ ಸರಿಯಾಗ್ಬೇಕು" ಅನ್ಬೇಡಿ. ರಾಡ್ ಹಿಡಿಕೆ ಎಷ್ಟು ದಪ್ಪ, ಲೈನ್ ಯಾವ ಬೆರಳಿಂದ ಒತ್ತಿ ಹಿಡೀತೀರ, ಗಂಟು ಹಾಕೋವಾಗ ಯಾವ ಬೆರಳು ಏನು ಮಾಡುತ್ತೆ, ಎಲ್ಲಾ ಹೇಳಿ. ನಾನು ನನ್ನ ರಾಡಿನ ಹಿಡಿಕೆ ಫೋಟೋ ತಗೊಂಡು ಹೋಗಿದ್ದೆ.

ನಾನು ಮಾಡಿದ ತಪ್ಪು ನೀವು ಮಾಡ್ಬೇಡಿ. ಇಲ್ಲಿ ಪೆನ್ಸ್ ಕ್ರೀಕ್ ಅನ್ನೋ ಹೊಳೆಯಲ್ಲಿ ಮೇ ಕೊನೆ ಜೂನ್ ಶುರುವಲ್ಲಿ ಗ್ರೀನ್ ಡ್ರೇಕ್ ಅನ್ನೋ ದೊಡ್ಡ ಮೇಫ್ಲೈ ಹುಳ ನೀರಿಂದ ಏಳುತ್ತೆ, ಕೆಲವೇ ದಿನ, ಆಗ ಇಡೀ ವರ್ಷ ಮುಖ ತೋರಿಸದ ದೊಡ್ಡ ಬ್ರೌನ್ ಟ್ರೌಟ್ ಕೂಡ ಮೇಲೆ ಬರ್ತವೆ. ನಮಗದು ಜಾತ್ರೆ ಇದ್ದ ಹಾಗೆ. ಐದನೇ ವಾರ ಗಾಯ ಒಣಗಿತ್ತು, ನೋವಿರ್ಲಿಲ್ಲ, ಇನ್ನೇನು ಅಂತ ಸ್ಪ್ಲಿಂಟ್ ಬಿಚ್ಚಿ ನಡುಮನೆಯಲ್ಲಿ ನಿಂತು ರಾಡ್ ಹಿಡಿದು ಎರಡು ಸಲ ಬೀಸಿದೆ. ಬೆರಳಲ್ಲಿ ಏನೋ ಎಳೆದ ಹಾಗಾಗಿ ಬೆವರು ಬಂತು. ಪುಣ್ಯಕ್ಕೆ ಹರಿದಿರ್ಲಿಲ್ಲ. ಥೆರಪಿಸ್ಟ್ ಪರೀಕ್ಷೆ ಮಾಡಿ, ಆರಾಮ ಅನ್ಸೋ ಈ ಹೊತ್ತಲ್ಲೇ ಜನ ಹೊಲಿಗೆ ಹರ್ಕೊಂಡು ಬರ್ತಾರೆ, ಹೊರಗೆ ಚರ್ಮ ಕೂಡಿದ್ರೂ ಒಳಗೆ ಬಲ ಬರೋಕೆ 12 ವಾರ ಬೇಕು ಅಂತ ಖಡಕ್ಕಾಗಿ ಹೇಳಿದ್ರು. ಅವತ್ತು ರಾತ್ರಿ ರಾಡ್ ಟ್ಯೂಬನ್ನ ಹೆಂಡ್ತಿ ಕೈಗೆ ಕೊಟ್ಟು ನಂಗೆ ಸಿಗದ ಕಡೆ ಇಡು ಅಂದೆ.

ಗ್ರೀನ್ ಡ್ರೇಕ್ ಟೈಮಿಗೆ ಹೋಗೋದು ಮಾತ್ರ ಬಿಡ್ಲಿಲ್ಲ. ಕೋಬರ್ನ್ ಅನ್ನೋ ಹಳ್ಳಿ ಹತ್ರ ಸಂಜೆ ಹೊತ್ತು, ಹೆಂಡ್ತಿ ಕಾರ್ ಓಡಿಸಿದ್ಳು, ನಾನು ಎಡಗೈಲಿ ನೆಟ್ ಹಿಡ್ಕೊಂಡು ಗೆಳೆಯನ ಪಕ್ಕ ದಡದಲ್ಲಿ ನಿಂತೆ. ನೀರಿಗೆ ಇಳೀಲಿಲ್ಲ, ಜಾರಿದ್ರೆ ಕೈ ಊರೋದು ಸಹಜ, ಆ ಕೈ ಊರೋ ಹಾಗಿಲ್ಲ. ನೀವೂ 12 ವಾರ ವೇಡಿಂಗ್ (ನೀರಿಗಿಳಿದು ನಡೆಯೋದು) ಮಾಡ್ಬೇಡಿ, ಎಷ್ಟೇ ಆಳ ಕಮ್ಮಿ ಇದ್ರೂ. ಕತ್ತಲಾಗ್ತಾ ಹುಳ ಮುಖಕ್ಕೆ ಬಡೀತಿದ್ವು, ಅವನು ಹಿಡಿದ ಮೂರು ಮೀನೂ ನನ್ನ ನೆಟ್ಟಲ್ಲೇ ಬಂದ್ವು. ಮೊದಲನೇ ಅರ್ಧ ಗಂಟೆ ಹೊಟ್ಟೆ ಉರೀತಿತ್ತು, ಸುಳ್ಳು ಹೇಳಲ್ಲ. ಆಮೇಲೆ ಕಣ್ಣು ನೀರಿನ ಮೇಲೆ ನಿಂತ್ಬಿಡ್ತು. ಒಂದು ಮೀನು ಎಷ್ಟು ಹೊತ್ತಿಗೊಮ್ಮೆ ಏಳುತ್ತೆ ಅಂತ ಎಣಿಸೋಕೆ ಅಷ್ಟು ವರ್ಷದಲ್ಲಿ ಪುರುಸೊತ್ತೇ ಮಾಡ್ಕೊಂಡಿರ್ಲಿಲ್ಲ.

ಎಡಗೈಲಿ ರಾಡ್ ಬೀಸೋದು ಕಲಿಯೋಕೆ ಇದಕ್ಕಿಂತ ಒಳ್ಳೆ ಟೈಮ್ ಸಿಗಲ್ಲ. ಥೆರಪಿಸ್ಟ್ ಒಪ್ಪಿದ್ಮೇಲೆ ಲಾನಲ್ಲಿ, ಹುಕ್ ಬದ್ಲು ಲೀಡರ್ (ಲೈನಿನ ಕೊನೆಯ ತೆಳು ದಾರ) ತುದಿಗೆ ಉಲ್ಲನ್ ದಾರದ ತುಂಡು ಕಟ್ಟಿ, ದಿನಕ್ಕೆ ಹತ್ತು ನಿಮಿಷ, ಜಾಸ್ತಿ ಬೇಡ. ಮೊದಲೆರಡು ವಾರ ಲೈನ್ ಹಗ್ಗದ ಹಾಗೆ ತಲೆ ಮೇಲೇ ಬೀಳುತ್ತೆ. ಆದ್ರೆ ಎಡಗೈಲಿ ರಾಡ್ ಹಿಡಿದ್ರೆ ಲೈನ್ ಎಳೆಯೋಕೆ ಬಲಗೈ ಬೇಕಲ್ಲ, ಅದಕ್ಕೆ ನಾನು ಟೆಂಕಾರಾ ತಗೊಂಡೆ. ಜಪಾನಿನ ಬೆಟ್ಟದ ಹೊಳೆಗಳ ಪದ್ಧತಿ ಅದು, ರೀಲ್ ಇಲ್ಲ, ಉದ್ದನೆ ಮಡಚೋ ಕೋಲಿನ ತುದಿಗೆ ಲೈನ್ ನೇರ ಕಟ್ಟೋದು, ಒಂದೇ ಕೈ ಸಾಕು. ಅಜ್ಜನ ಬಿದಿರು ಕೋಲು ನೆನಪಾಗಿ ಕಣ್ಣು ತುಂಬ್ತು. ಎಂಟನೇ ವಾರ ಇಲ್ಲಿನ ಸ್ಪ್ರಿಂಗ್ ಕ್ರೀಕ್ ಅನ್ನೋ ಹೊಳೆಯ ಸಮತಟ್ಟು ದಡದಲ್ಲಿ ಅದರಲ್ಲೇ ಶುರು ಮಾಡ್ದೆ. ಹುಕ್ಕಿನ ಮುಳ್ಳನ್ನ ಮುಂಚೆನೇ ಯಾರ ಕೈಲಾದ್ರೂ ಒತ್ತಿಸಿಟ್ಕೊಳ್ಳಿ, ನೆಟ್ ನೀರಲ್ಲೇ ಇಟ್ಟು ಲೈನ್ ಸಡ್ಲ ಬಿಟ್ರೆ ಎಷ್ಟೋ ಸಲ ಮೀನು ತಾನೇ ಬಿಡಿಸ್ಕೊಳ್ಳುತ್ತೆ. ಫ್ಲೈಗಳನ್ನ ಟಿಪ್ಪೆಟ್ (ಫ್ಲೈ ಕಟ್ಟೋ ತೀರಾ ತೆಳು ದಾರ) ಸಮೇತ ಮನೇಲೇ ಕಟ್ಟಿಸಿಟ್ಕೊಂಡು ಹೋದ್ರೆ ದಡದಲ್ಲಿ ಒಂದೇ ಕೈಲಿ ಪರದಾಡೋದು ತಪ್ಪುತ್ತೆ.

ಮನಸ್ಸು ತೀರಾ ಕುಗ್ಗಿದ್ದಾಗ ನಂಗೆ ಹಿಡಿದು ನಿಲ್ಲಿಸಿದ್ದು ಪ್ರಾಜೆಕ್ಟ್ ಹೀಲಿಂಗ್ ವಾಟರ್ಸ್ ಬಗ್ಗೆ ಓದಿದ್ದು. 2005ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಯಲ್ಲಿ ಗಾಯಾಳು ಸೈನಿಕರಿಗೆ ಫ್ಲೈ ಕಟ್ಟೋದು, ರಾಡ್ ಬೀಸೋದು ಕಲಿಸ್ತಾ ಶುರುವಾಗಿದ್ದು ಅದು. ಕೈಯೇ ಕಳ್ಕೊಂಡವರು ಫ್ಲೈ ಕಟ್ತಾರೆ ಅಂತ ಗೊತ್ತಾದ್ಮೇಲೆ ನಾನು ಹತ್ತನೇ ವಾರ ಫ್ಲೈ ಕಟ್ಟೋವಾಗ ಹುಕ್ ಹಿಡಿದಿಡೋ ವೈಸ್ ಹೊರಗೆ ತೆಗೆದೆ. ಸಣ್ಣ 18ನೇ ನಂಬರ್ ಹುಕ್ ಅಲ್ಲ, ದೊಡ್ಡ 8ನೇ ನಂಬರ್ ಹುಕ್ಕಿಗೆ ವೂಲಿ ಬಗ್ಗರ್ ಅನ್ನೋ ಫ್ಲೈ. ಬೆರಳ ತುದಿಗೆ ದಾರ ಗೊತ್ತಾಗ್ತಿರ್ಲಿಲ್ಲ, ಕಣ್ಣಲ್ಲೇ ನೋಡಿ ಸುತ್ತಬೇಕಿತ್ತು, ಎಷ್ಟೋ ಸಲ ದಾರ ತುಂಡಾಯ್ತು. ಹೊಲಿದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತೆ, ಬುಡದಿಂದ ತುದಿ ಮುಟ್ಟೋಕೆ ತಿಂಗಳುಗಟ್ಟಲೆ ಬೇಕು, ಅಲ್ಲೀವರೆಗೆ ದೋಸೆ ಕಾವಲಿ ಹತ್ರ ಹುಷಾರು, ನಂಗೆ ಸುಟ್ಟಿದ್ದು ಗುಳ್ಳೆ ಎದ್ದ ಮೇಲೆ ಗೊತ್ತಾಯ್ತು. ಚಳಿನೂ ಆ ಬೆರಳಿಗೆ ಬೇರೆ ಥರ ನೋವು ಕೊಡುತ್ತೆ, ಚಳಿಗಾಲಕ್ಕೆ ಉಣ್ಣೆ ಗ್ಲೌಸ್ ಮತ್ತೆ ಜೇಬಲ್ಲಿ ಹ್ಯಾಂಡ್ ವಾರ್ಮರ್ ಇಲ್ದೆ ನಾನು ಹೊಳೆಗೆ ಹೋಗಲ್ಲ.

ಬಲಗೈಗೆ ಮಾಮೂಲಿ ರಾಡ್ ಬಂದಿದ್ದು ಹದಿನಾಲ್ಕನೇ ವಾರ. 4 ವೇಟ್ ಅನ್ನೋ ಹಗುರ ರಾಡ್, ಇಪ್ಪತ್ತೇ ನಿಮಿಷ, ಹತ್ತಿರಕ್ಕೆ ಬೀಸೋದು ಮಾತ್ರ. ಬೆರಳು ಪೂರ್ತಿ ಮಡಚದೇ ಇರೋದ್ರಿಂದ ಕಾರ್ಕ್ ಹಿಡಿಕೆಗೆ ಟೆನಿಸ್ ರಾಕೆಟ್ಟಿನ ಗ್ರಿಪ್ ಟೇಪ್ ಸುತ್ತಿ ದಪ್ಪ ಮಾಡ್ಕೊಂಡೆ, ಇದು ನಿಜವಾಗ್ಲೂ ಕೆಲಸ ಮಾಡುತ್ತೆ. ಹೆಬ್ಬೆರಳು ಮೇಲೆ ಇಟ್ಟು ಹಿಡೀರಿ, ತೋರುಬೆರಳು ಮೇಲಿಟ್ಟು ಹಿಡಿಯೋ ಅಭ್ಯಾಸ ಇದ್ರೆ ಬಿಟ್ಬಿಡಿ.

ಇವತ್ತಿಗೂ ನನ್ನ ಬೆರಳಿನ ತುದಿಗಂಟು ಪೂರ್ತಿ ಮಡಚಲ್ಲ. ಲೈನನ್ನ ಮಧ್ಯದ ಬೆರಳಲ್ಲಿ ಒತ್ತಿ ಹಿಡೀತೀನಿ. ಅನ್ನ ಕಲಸಿ ಉಣ್ತೀನಿ. ಸ್ಪ್ರಿಂಗ್ ಕ್ರೀಕಲ್ಲಿ ಒಂದು ಮೂಲೆ ಇದೆ, ಬಲಗಡೆ ಮರದ ಕೊಂಬೆ ನೀರಿಗೇ ಬಾಗಿ ಬಲಗೈ ಬೀಸೋಕೆ ಜಾಗನೇ ಇಲ್ಲ, ಅದರ ಕೆಳಗೆ ಮೀನು ಏಳೋದನ್ನ ಎಷ್ಟೋ ವರ್ಷ ಬರೀ ನೋಡಿ ಬಂದಿದ್ದೆ. ಹೋದ ಸೆಪ್ಟೆಂಬರಲ್ಲಿ ಎಡಗೈಲಿ ರೋಲ್ ಕಾಸ್ಟ್ (ಲೈನನ್ನ ಹಿಂದಕ್ಕೆ ಬೀಸದೇ ಮುಂದಕ್ಕೆ ಉರುಳಿಸೋದು) ಹೊಡೆದು ಅಲ್ಲಿಗೆ ಫ್ಲೈ ಮುಟ್ಟಿಸ್ದೆ. ಎರಡನೇ ಸಲಕ್ಕೆ ಮೀನು ತಗೊಳ್ತು.