ಪ್ರೆಸ್ ಇಲ್ಲದೆ ಇಕಾರಸ್‌ನ ಅಚ್ಚುಚಿತ್ರ ಸಾಧ್ಯವೇ?

ಪ್ರಶ್ನೆ: ಗ್ರೀಕ್ ಪುರಾಣದ ಇಕಾರಸ್ ಸೂರ್ಯನ ಸಮೀಪಕ್ಕೆ ಹಾರಿ, ರೆಕ್ಕೆಯ ಮೇಣ ಕರಗಿ ಸಮುದ್ರಕ್ಕೆ ಬೀಳುವ ದೃಶ್ಯವನ್ನು ಅಚ್ಚುಚಿತ್ರವಾಗಿ ಮಾಡಬೇಕೆಂದಿದ್ದೇನೆ. ಇಲ್ಲಿ ಎಚ್ಚಿಂಗ್ ಪ್ರೆಸ್ (ಫಲಕದ ಚಿತ್ರವನ್ನು ಕಾಗದಕ್ಕೆ ಒತ್ತುವ ಯಂತ್ರ) ಇಲ್ಲ, ಲೋಹದ ಫಲಕವನ್ನು ಕೊರೆಯುವ ಆಸಿಡ್ ಬಳಸಲು ಮನಸ್ಸಿಲ್ಲ. ಯಾವ ಪ್ರಾಯೋಗಿಕ ವಿಧಾನ ಹೊಂದೀತು?
— ಚಿತ್ರಕಲಾ ಶಿಕ್ಷಕಿ, ಕುಮಟಾ

ಉತ್ತರ: ಗರಿ, ದಾರ, ಮೇಣಗಳೇ ಈ ಕಥೆಯನ್ನು ನಡೆಸುವುದರಿಂದ ಪ್ರೆಸ್ ಇಲ್ಲದಿರುವುದು ದೊಡ್ಡ ಅಡ್ಡಿಯಲ್ಲ. ತಂದೆ ಡೀಡಲಸ್ ಗರಿಗಳನ್ನು ಗಿಡ್ಡದರಿಂದ ಉದ್ದಕ್ಕೆ ಜೋಡಿಸಿ, ನಡುವೆ ದಾರದಿಂದ ಕಟ್ಟಿ, ಬುಡವನ್ನು ಮೇಣದಿಂದ ಬೆಸೆದನೆಂದು ರೋಮನ್ ಕವಿ ಓವಿಡ್ ವರ್ಣಿಸಿದ್ದಾನೆ. ನೀವೂ ಅದೇ ಕ್ರಮದಲ್ಲಿ ಕೊಲಾಗ್ರಾಫ್ ಫಲಕವನ್ನು, ಎಂದರೆ ವಸ್ತುಗಳನ್ನು ಅಂಟಿಸಿ ಮಾಡಿದ ಅಚ್ಚಿನ ಫಲಕವನ್ನು, ಕಟ್ಟಬಹುದು. ದಪ್ಪ ರಟ್ಟಿನ ಮೇಲೆ ಕೋಳಿಯ ಗರಿ, ನಾರಿನ ಎಳೆ, ಅಡಿಕೆ ಹಾಳೆಯ ತೆಳುವಾದ ಅಂಚಿನ ತುಣುಕುಗಳನ್ನು ಅಂಟಿಸಿ, ಶೆಲಾಕ್ (ಅರಗಿನ ವಾರ್ನಿಷ್) ಲೇಪಿಸಿ ಒಣಗಿಸಿದ ಮೇಲೆ ರೋಲರ್‌ನಿಂದ ಶಾಯಿ ಹಚ್ಚಿ, ತೆಳುವಾದರೂ ಗಟ್ಟಿಯಾದ ಕಾಗದವನ್ನು ಹೊದಿಸಿ, ಮರದ ಸೌಟಿನ ಬೆನ್ನಿನಿಂದ ಉಜ್ಜಿದರೆ ಗರಿಯ ಎಳೆ ಎಳೆಯೂ ಮೂಡುತ್ತದೆ.

ಪತನಕ್ಕೆ ಮಾತ್ರ ಅಂಟಿಸದ ಬಿಡಿ ಗರಿಗಳನ್ನೇ ಬಳಸಿ. ಒಮ್ಮೆ ಶಾಯಿ ಹಚ್ಚಿದ ಗರಿಯನ್ನು ಮತ್ತೆ ಹಚ್ಚದೆ ಎರಡನೆಯ, ಮೂರನೆಯ ಸಲ ಒತ್ತಿದಾಗ ಅಚ್ಚು ಮಸುಕಾಗುತ್ತ ಹೋಗುತ್ತದೆ. ಒಂದೇ ಹಾಳೆಯಲ್ಲಿ ಮೇಲಿನಿಂದ ಕೆಳಕ್ಕೆ ಹೀಗೆ ಒತ್ತುತ್ತ ಬಂದರೆ ರೆಕ್ಕೆ ಬಿಚ್ಚಿಕೊಳ್ಳುವುದನ್ನು ಬೇರೆ ಚಿತ್ರಿಸಬೇಕಾಗಿಲ್ಲ. ಸೂರ್ಯನಿರುವಲ್ಲಿ ಮೊದಲೇ ಮೇಣದಬತ್ತಿಯನ್ನು ಉಜ್ಜಿ, ಮೇಲೆ ನೀರುಬಣ್ಣವನ್ನು ಹರಡಿ. ಮೇಣ ಬಣ್ಣವನ್ನು ಹಿಡಿಯದೆ ಬಿಳಿಯಾಗಿ ಉಳಿಯುತ್ತದೆ.

ಸಮುದ್ರಕ್ಕೆ ಮೊನೊಟೈಪ್, ಎಂದರೆ ನಯವಾದ ಫಲಕದ ಮೇಲೆ ಶಾಯಿಯಲ್ಲಿ ಮಾಡಿದ ಚಿತ್ರವನ್ನು ಒಂದೇ ಪ್ರತಿಯಾಗಿ ಕಾಗದಕ್ಕಿಳಿಸುವ ವಿಧಾನ, ಒಳ್ಳೆಯದು. ಗಾಜಿನ ಮೇಲೆ ಕಡು ನೀಲಿ ಶಾಯಿಯನ್ನು ಪೂರ್ತಿಯಾಗಿ ಹರಡಿ, ಬೆಳಕು ಬೇಕಾದಲ್ಲಿ ಬಟ್ಟೆಯಿಂದ, ತೆಂಗಿನ ನಾರಿನಿಂದ ತೆಗೆಯುತ್ತ ಹೋಗಬೇಕು. ಶಿರಸಿಯ ಮಾರಿಕಾಂಬಾ ದೇವಾಲಯದ ಕಾವಿ ಚಿತ್ರಗಳನ್ನು ಹತ್ತಿರದಿಂದ ನೋಡಿ ಬನ್ನಿ. ಕೆಂಪು ಲೇಪವನ್ನು ಕೆರೆದು ಒಳಗಿನ ಸುಣ್ಣದ ಬಿಳುಪನ್ನು ಹೊರತಂದ ಆ ಕೈಗಳ ಖಚಿತತೆ ನಿಮಗೆ ಯಾವ ಕೈಪಿಡಿಗಿಂತಲೂ ಹೆಚ್ಚನ್ನು ಕಲಿಸುತ್ತದೆ.

ಹಲವು ಬಣ್ಣಗಳ ಅಚ್ಚಿಗೆ ಇನ್ನೊಂದು ದಾರಿಯೂ ಇದೆ. ಪ್ಯಾರಿಸ್‌ನ ಅಚ್ಚುಚಿತ್ರ ಕಾರ್ಯಾಗಾರ ಅಟೆಲಿಯೆ 17ರಲ್ಲಿ ನಮ್ಮ ದೇಶದ ಕಲಾವಿದ ಕೃಷ್ಣಾ ರೆಡ್ಡಿಯವರು ಬೆಳೆಸಿದ ವಿಸ್ಕಾಸಿಟಿ (ಶಾಯಿಯ ಸ್ನಿಗ್ಧತೆ) ವಿಧಾನದಲ್ಲಿ, ಹೆಚ್ಚು ಎಣ್ಣೆ ಬೆರೆತ ತೆಳು ಶಾಯಿಯ ಮೇಲೆ ಗಟ್ಟಿ ಶಾಯಿ ನಿಲ್ಲುವುದಿಲ್ಲವೆಂಬ ಗುಣದಿಂದ ಒಂದೇ ಫಲಕದಲ್ಲಿ ಹಲವು ಬಣ್ಣಗಳು ಮೂಡುತ್ತವೆ. ಅದಕ್ಕೆ ಆಳ ವ್ಯತ್ಯಾಸವಿರುವ ಲೋಹದ ಫಲಕ ಮತ್ತು ಪ್ರೆಸ್ ಬೇಕಾದ್ದರಿಂದ ಸದ್ಯಕ್ಕೆ ಬಿಡಿ.

ಇಕಾರಸ್‌ನ ದೇಹವನ್ನು ವಿವರವಾಗಿ ತೋರಿಸಬೇಡಿ ಎಂಬುದು ನನ್ನ ಸಲಹೆ. 1588ರಲ್ಲಿ ಡಚ್ ಕಲಾವಿದ ಹೆಂಡ್ರಿಕ್ ಗೋಲ್ಟ್ಸಿಯಸ್ ತಾಮ್ರಫಲಕದ ಕೆತ್ತನೆಯಲ್ಲಿ ಬೀಳುವ ಆ ದೇಹದ ಒಂದೊಂದು ಸ್ನಾಯುವನ್ನೂ ತೋರಿಸಿದ್ದಾನೆ. ಕೈಯುಜ್ಜಿನ ಅಚ್ಚು ಅಂಥ ಗೆರೆಯೊಡನೆ ಸ್ಪರ್ಧಿಸಲಾರದು. ರಟ್ಟಿನಿಂದ ಕತ್ತರಿಸಿದ ಒಂದು ಪುಟ್ಟ ಆಕೃತಿ ಸಾಕು. ಮಳೆಗಾಲದಲ್ಲಿ ಕರಾವಳಿಯ ತೇವಕ್ಕೆ ಎಣ್ಣೆ ಶಾಯಿ ಒಣಗುವುದು ಬಹಳ ನಿಧಾನ, ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ. ದೀಪಾವಳಿ ಕಳೆದ ಮೇಲೆ ಈ ಕೆಲಸವನ್ನು ಕೈಗೆತ್ತಿಕೊಳ್ಳಿ.