ಕೆಲಸಕ್ಕೆ ಸೇರಿದ ತಿಂಗಳಲ್ಲಿ ಬರುವ ಕಡ್ಡಾಯ ತರಬೇತಿಗಳು

ಅಮೆರಿಕದ ವಿಶ್ವವಿದ್ಯಾಲಯವೊಂದರ ಜೀವವಿಜ್ಞಾನ ಪ್ರಯೋಗಾಲಯಕ್ಕೆ ಸಂಶೋಧಕರಾಗಿ ಸೇರಿದ ಮೊದಲ ವಾರದಲ್ಲೇ, 30 ದಿನಗಳೊಳಗೆ ಎಂಟು ಆನ್‌ಲೈನ್ ತರಬೇತಿಗಳನ್ನು ಮುಗಿಸಬೇಕೆಂಬ ಸೂಚನೆ ಬಂದಿದೆ ಎಂದು ಬರೆದಿದ್ದೀರಿ. ಮಕ್ಕಳ ಬೇಸಿಗೆ ವಿಜ್ಞಾನ ಶಿಬಿರದಲ್ಲಿ ಸಂಬಳವಿಲ್ಲದೆ ನೆರವಾಗಲು ಬಯಸಿದ ನಿಮ್ಮ ಪತ್ನಿಗೂ ಅಂಥದೇ ಪಟ್ಟಿ ಬಂದಿರುವುದನ್ನು ತಿಳಿಸಿ, ಸ್ಲೈಡುಗಳನ್ನು ಸರಸರನೆ ದಾಟಿಸಿ ಪ್ರಮಾಣಪತ್ರ ಪಡೆದರೆ ಸಾಲದೇ ಎಂದು ಕೇಳಿದ್ದೀರಿ. ಹದಿನೆಂಟು ವರ್ಷಗಳಿಂದ ಇಲ್ಲಿ ಪ್ರಯೋಗಾಲಯವೊಂದರ ಮೇಲ್ವಿಚಾರಕಿಯಾಗಿರುವ ನಾನು, ಸಾಲದು ಎಂದೇ ಹೇಳುತ್ತೇನೆ. ಕೊನೆಯ ಪುಟದಲ್ಲಿ ನೀವು ಒತ್ತುವ ಗುಂಡಿ ನಿಮ್ಮ ಸಹಿಗೆ ಸಮ. ಅದನ್ನು ಒತ್ತಿದ ಮೇಲೆ ಸಂಸ್ಥೆಯ ದಾಖಲೆಯಲ್ಲಿ ನೀವು ಅಪಾಯವನ್ನೂ ನಿಯಮವನ್ನೂ ಬಲ್ಲವರು, ಮುಂದೆ 'ನನಗೆ ಗೊತ್ತಿರಲಿಲ್ಲ' ಎನ್ನಲು ಬರುವುದಿಲ್ಲ.

ಮೊದಲ ವರ್ಷ ನಾನೂ ಓದದೆ ದಾಟಿಸಿದ್ದೆ. ಒಂದು ಸಂಜೆ ಆಮ್ಲದ ಹನಿ ಕಣ್ಣಿಗೆ ಸಿಡಿದಾಗ, ಕಣ್ಣು ತೊಳೆಯಲು ಇಟ್ಟಿರುವ ತುರ್ತು ನಲ್ಲಿ, ಅಂದರೆ ಐ ವಾಶ್, ಎಲ್ಲಿದೆ ಎಂಬುದೇ ನನಗೆ ತಿಳಿಯಲಿಲ್ಲ. ಸಹೋದ್ಯೋಗಿಯೊಬ್ಬರು ಕೈಹಿಡಿದು ಕರೆದೊಯ್ದರು. ಅದರ ಮುಂದೆ ಪೇರಿಸಿದ್ದ ರಟ್ಟಿನ ಪೆಟ್ಟಿಗೆಗಳನ್ನು ಸರಿಸುವುದಕ್ಕೆ ಇನ್ನಷ್ಟು ಹೊತ್ತು ಹಿಡಿಯಿತು. ಪುಣ್ಯಕ್ಕೆ ಕಣ್ಣು ಉಳಿಯಿತು. ಐ ವಾಶ್ 10 ಸೆಕೆಂಡುಗಳಲ್ಲಿ ತಲುಪುವಷ್ಟು ಹತ್ತಿರವಿರಬೇಕು, ಅದರ ದಾರಿಗೆ ಏನೂ ಅಡ್ಡವಿರಬಾರದು, ಕನಿಷ್ಠ 15 ನಿಮಿಷ ಕಣ್ಣು ತೊಳೆಯುತ್ತಿರಬೇಕು ಎಂಬುದೆಲ್ಲ ನಾನು ದಾಟಿಸಿದ್ದ ಸ್ಲೈಡುಗಳಲ್ಲೇ ಇತ್ತೆಂದು ಆಮೇಲೆ ಓದಿ ತಿಳಿದೆ.

ತರಬೇತಿಯ ದಾಖಲೆಯನ್ನು ಇಲ್ಲಿ ಇಷ್ಟು ಬಿಗಿಯಾಗಿ ಕೇಳುವುದರ ಹಿಂದೆ ಸಾವಿನ ನೆನಪೂ ಇದೆ. 2008ರ ಡಿಸೆಂಬರ್ 29ರಂದು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ, 23 ವರ್ಷದ ಸಂಶೋಧನಾ ಸಹಾಯಕಿ ಶೇರಿ ಸಾಂಗ್ಜಿ ಅವರು ಗಾಳಿ ತಾಗಿದೊಡನೆ ಹೊತ್ತಿಕೊಳ್ಳುವ ಟರ್ಟ್-ಬ್ಯುಟೈಲ್ ಲಿಥಿಯಂ ದ್ರಾವಣವನ್ನು ಸಿರಿಂಜಿಗೆ ಎಳೆದುಕೊಳ್ಳುತ್ತಿದ್ದಾಗ ಬೆಂಕಿ ಹೊತ್ತಿ ಅವರ ಬಟ್ಟೆಗೆ ತಗುಲಿತು. ಅವರು ಲ್ಯಾಬ್ ಕೋಟ್ ತೊಟ್ಟಿರಲಿಲ್ಲ. 18 ದಿನಗಳ ನಂತರ ತೀರಿಕೊಂಡರು. ತನಿಖೆ ನಡೆಸಿದ ರಾಜ್ಯದ ಸುರಕ್ಷತಾ ಇಲಾಖೆಯು ದಂಡ ವಿಧಿಸಿದಾಗ ಎತ್ತಿ ತೋರಿಸಿದ ಲೋಪಗಳಲ್ಲಿ ತರಬೇತಿಯ ಕೊರತೆಯೂ ಒಂದು. ಆನ್‌ಲೈನ್ ಮಾಡ್ಯೂಲು ಎಲ್ಲ ಪ್ರಯೋಗಾಲಯಗಳಿಗೂ ಒಂದೇ ಆಗಿರುತ್ತದೆ, ನಿಮ್ಮ ಕೋಣೆಯ ಯಾವ ಕಪಾಟಿನಲ್ಲಿ ಏನಿದೆ ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ನಿಮ್ಮ ಪ್ರಾಧ್ಯಾಪಕರನ್ನೋ ಅನುಭವಿ ಸಹೋದ್ಯೋಗಿಯನ್ನೋ ಜೊತೆಗೆ ಕರೆದುಕೊಂಡು ಐ ವಾಶ್, ತುರ್ತು ಶವರ್, ಅಗ್ನಿಶಾಮಕ, ವಿಷದ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಮತ್ತು ಹೊರಹೋಗುವ ಎರಡನೆಯ ದಾರಿಯನ್ನು ಕಣ್ಣಾರೆ ನೋಡಿ. ಅಮೆರಿಕದ 1990ರ ಪ್ರಯೋಗಾಲಯ ನಿಯಮ ಬೇಡುವ, ರಾಸಾಯನಿಕಗಳಿಂದ ಕೆಲಸಗಾರರನ್ನು ಕಾಪಾಡುವ ಬಗೆಯನ್ನು ಹೇಳುವ 'ಕೆಮಿಕಲ್ ಹೈಜೀನ್ ಪ್ಲಾನ್' ಎಂಬ ಲಿಖಿತ ಯೋಜನೆ ಎಲ್ಲಿದೆ ಎಂದು ಕೇಳಿ. ಹೊಸಬರು, ಅದರಲ್ಲೂ ನಮ್ಮವರು, ಅರ್ಥವಾಗದಿದ್ದರೂ ತಲೆಯಾಡಿಸಿ ಬಿಡುವುದನ್ನು ಬಹಳ ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ನಿಮ್ಮ ಕೆಲಸದಲ್ಲಿ ಮನುಷ್ಯರ ರಕ್ತದ ಮಾದರಿಗಳಿದ್ದರೆ, ರಕ್ತದಿಂದ ಹರಡುವ ಸೋಂಕುಗಳ ಕುರಿತು 1991ರಲ್ಲಿ ಬಂದ ನಿಯಮದಂತೆ ಆ ತರಬೇತಿಯನ್ನು ಪ್ರತಿವರ್ಷವೂ ಪಡೆಯಬೇಕಾಗುತ್ತದೆ. ಅದನ್ನು ಕೆಲಸದ ವೇಳೆಯಲ್ಲೇ, ಉಚಿತವಾಗಿ ಕೊಡಬೇಕೆಂದೂ, ಕೆಲಸಕ್ಕೆ ಹಚ್ಚಿದ 10 ಕೆಲಸದ ದಿನಗಳೊಳಗೆ ಹೆಪಟೈಟಿಸ್ ಬಿ ಲಸಿಕೆಯನ್ನು ಉಚಿತವಾಗಿ ಒದಗಿಸಬೇಕೆಂದೂ ಅದೇ ನಿಯಮ ಹೇಳುತ್ತದೆ. ರಾತ್ರಿ ಮನೆಯಲ್ಲಿ ನಿದ್ದೆಗೆಟ್ಟು ಮುಗಿಸಬೇಕಾದ ಕೆಲಸ ಇದಲ್ಲ.

ಖಾಸಗಿ ಮಾಹಿತಿಯ ಬಗೆಗಿನ ತರಬೇತಿ ನಮ್ಮವರಿಗೆ ಹೆಚ್ಚು ಹೊಸದೆನಿಸುತ್ತದೆ. ವಿದ್ಯಾರ್ಥಿಗಳ ದಾಖಲೆಗಳ ಗೋಪ್ಯತೆಯನ್ನು ಕಾಯುವ 1974ರ ಫರ್ಪಾ ಕಾಯ್ದೆಯ ಪ್ರಕಾರ ಕಾಲೇಜು ಸೇರಿದ ವಿದ್ಯಾರ್ಥಿಯ ಶೈಕ್ಷಣಿಕ ದಾಖಲೆಯ ಹಕ್ಕು ವಿದ್ಯಾರ್ಥಿಯದೇ. ತಂದೆ ತಾಯಿ ಕಳಕಳಿಯಿಂದ ಕರೆ ಮಾಡಿ ಅಂಕ ಕೇಳಿದರೂ ನೀವಾಗಿ ಹೇಳಕೂಡದು, ವಿನಯದಿಂದ ರಿಜಿಸ್ಟ್ರಾರ್ ಕಚೇರಿಗೆ ಕಳಿಸಬೇಕು.

ಲೈಂಗಿಕ ಕಿರುಕುಳದ ಕುರಿತ ಟೈಟಲ್ ನೈನ್ ತರಬೇತಿಯನ್ನು ಮಾತ್ರ ಎರಡು ಸಲ ಓದಿ. ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗ ತಾರತಮ್ಯವನ್ನು ನಿಷೇಧಿಸುವ 1972ರ ಈ ಕಾಯ್ದೆಗೆ ಸಂಬಂಧಿಸಿದ ನಿಯಮಗಳು ಮತ್ತೆ ಮತ್ತೆ ಬದಲಾಗುತ್ತ ಬಂದಿವೆ. ಆದರೂ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ಸಿಬ್ಬಂದಿಯ ಕಿವಿಗೆ ಬಿದ್ದ ದೂರನ್ನು ಸಂಬಂಧಿಸಿದ ಕಚೇರಿಗೆ ತಿಳಿಸುವುದು ಕಡ್ಡಾಯ. ಒಮ್ಮೆ ವಿದ್ಯಾರ್ಥಿನಿಯೊಬ್ಬಳು ಅಳುತ್ತ ನನ್ನ ಬಳಿ ಬಂದು, ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಿ ಎಂದಳು. ಆ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂದಿತ್ತು. ತರಬೇತಿ ನೆನಪಾಗಿ, ಕೇಳಿದ್ದನ್ನು ತಿಳಿಸುವ ಹೊಣೆ ನನಗಿದೆ, ಗುಟ್ಟು ಕಾಯಬಲ್ಲ ಆಪ್ತಸಮಾಲೋಚಕರೂ ಇದ್ದಾರೆ ಎಂದು ಮೊದಲೇ ಹೇಳಿದೆ. ಯಾರ ಮುಂದೆ ಎಷ್ಟು ಹೇಳಬೇಕೆಂಬ ತೀರ್ಮಾನ ಅವಳ ಕೈಯಲ್ಲೇ ಉಳಿಯಿತು.

ಇನ್ನು ನಿಮ್ಮ ಪತ್ನಿಯ ವಿಷಯ. ಮಕ್ಕಳ ನಡುವೆ ಇರುವವರಿಗೆ, ಸಂಬಳ ಪಡೆಯಲಿ ಬಿಡಲಿ, ಹಿನ್ನೆಲೆ ಪರಿಶೀಲನೆಯನ್ನೂ ಮಕ್ಕಳ ರಕ್ಷಣೆಯ ತರಬೇತಿಯನ್ನೂ ಹಲವು ವಿಶ್ವವಿದ್ಯಾಲಯಗಳು ವಿಧಿಸುತ್ತವೆ. ಮಗುವೊಂದನ್ನು ಹಿಂಸಿಸಲಾಗುತ್ತಿದೆ ಎಂಬ ಅನುಮಾನ ಬಂದರೆ ಯಾರಿಗೆ ತಿಳಿಸಬೇಕೆಂಬುದನ್ನು ಅವರು ಅಲ್ಲೇ ಕಲಿಯುತ್ತಾರೆ. ಅದಕ್ಕೂ ಮುಂಚೆ ಅವರ ವೀಸಾವನ್ನು ನೋಡಬೇಕು. ಸಾಮಾನ್ಯವಾಗಿ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆಯಾಗಿ ಮಾಡಿದರೂ ಅನುಮತಿಯಿಲ್ಲದ ಉದ್ಯೋಗವೆಂದು ಎಣಿಸುವ ಸಾಧ್ಯತೆಯಿದೆ. ಶಿಬಿರದಲ್ಲಿ ಅವರು ಮಾಡಲಿರುವ ಕೆಲಸವನ್ನು ವಿವರಿಸಿ ವಿಶ್ವವಿದ್ಯಾಲಯದ ವಿದೇಶೀಯರ ಕಚೇರಿಗೆ ಇಮೇಲ್ ಬರೆಯಿರಿ. ಒಪ್ಪಿಗೆಯ ಉತ್ತರ ಬರಹದಲ್ಲಿ ಕೈಸೇರಿದ ಮೇಲಷ್ಟೇ ಅವರು ಸ್ವಯಂಸೇವಕರ ಅರ್ಜಿಗೆ ಸಹಿ ಹಾಕಲಿ.