‘ಬ್ಲ್ಯಾಕ್‌ಮೇಲ್’ ಪದದಲ್ಲಿ ಅಂಚೆ ಇದೆಯೇ?

ಪ್ರಶ್ನೆ: ‘ಬ್ಲ್ಯಾಕ್‌ಮೇಲ್’ ಎಂಬ ಪದದಲ್ಲಿರುವ ‘ಮೇಲ್’ಗೂ ಅಂಚೆಗೂ ಸಂಬಂಧವಿದೆಯೇ? ಹಿಂದೆ ಬೆದರಿಕೆ ಪತ್ರ ಬರೆದು ಹಣ ಕೀಳುತ್ತಿದ್ದುದರಿಂದ ಈ ಹೆಸರು ಬಂದಿತೆಂದು ಗೆಳೆಯರೊಬ್ಬರು ಹೇಳುತ್ತಾರೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಸಂಬಂಧವಿಲ್ಲ. ಅಂಚೆ ಎಂಬ ಅರ್ಥದ ‘ಮೇಲ್’ ಹಳೆಯ ಫ್ರೆಂಚಿನಲ್ಲಿ ಚೀಲಕ್ಕಿದ್ದ ಹೆಸರಿನಿಂದ ಬಂದದ್ದು. ಪತ್ರ ತುಂಬಿದ ಚೀಲದ ಹೆಸರೇ ಕ್ರಮೇಣ ಪತ್ರಗಳಿಗೂ ಅಂಟಿಕೊಂಡಿತು. ‘ಬ್ಲ್ಯಾಕ್‌ಮೇಲ್’ನಲ್ಲಿರುವುದು ಗೇಣಿ, ಕಂದಾಯ ಎಂಬ ಅರ್ಥದ ಸ್ಕಾಟ್ಲೆಂಡಿನ ಪದ. ಮಾತು, ಒಪ್ಪಂದ ಎಂಬ ಅರ್ಥವುಳ್ಳ ಹಳೆಯ ನಾರ್ಸ್ ಭಾಷೆಯ ‘ಮಾಲ್’ ಅದರ ಮೂಲ. ಇಂಗ್ಲಿಷಿನಲ್ಲಿ ಎರಡರ ಕಾಗುಣಿತವೂ ಒಂದೇ ಆದ್ದರಿಂದ ನಿಮ್ಮ ಗೆಳೆಯರಿಗೆ ಹಾಗೆ ತೋರಿದ್ದು ಸಹಜ.

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಬೇರೆ ಬೇರೆ ರಾಜ್ಯಗಳಾಗಿದ್ದ 16ನೆಯ ಶತಮಾನದಲ್ಲಿ ಆರ್ಮ್‌ಸ್ಟ್ರಾಂಗ್, ಗ್ರಹಾಂ ಮೊದಲಾದ ಗಡಿಸೀಮೆಯ ಮನೆತನಗಳವರು ರಾತ್ರಿ ಹೊತ್ತು ಕುದುರೆಯೇರಿ ಬಂದು ಹಳ್ಳಿಗಳ ದನಕುರಿಗಳನ್ನು ಹೊಡೆದುಕೊಂಡು ಹೋಗುತ್ತಿದ್ದರು. ಈ ಕಾಟ ತಪ್ಪಬೇಕಾದರೆ ರೈತನು ಅಂಥದ್ದೇ ಒಂದು ಬಲಿಷ್ಠ ಗುಂಪಿನ ಮುಖಂಡನಿಗೆ ಹಣವನ್ನೋ ಧಾನ್ಯವನ್ನೋ ಜಾನುವಾರುಗಳನ್ನೋ ಕಪ್ಪವಾಗಿ ಒಪ್ಪಿಸಬೇಕಿತ್ತು. ಒಪ್ಪಿಸಿದವನ ಕೊಟ್ಟಿಗೆಗೆ ಆ ಗುಂಪು ಕೈಹಾಕುತ್ತಿರಲಿಲ್ಲ. ಭೂಮಾಲೀಕನ ಗೇಣಿಯ ಜೊತೆಗೆ ಕಳ್ಳರಿಗೂ ತೆರಬೇಕಾಗಿದ್ದ ಈ ಗೇಣಿಯೇ ‘ಬ್ಲ್ಯಾಕ್‌ಮೇಲ್’. 1601ರಲ್ಲಿ ಇಂಗ್ಲೆಂಡಿನ ಸಂಸತ್ತು ಉತ್ತರದ ಗಡಿಜಿಲ್ಲೆಗಳಿಗಾಗಿ ಕಾಯಿದೆ ಮಾಡಿ, ಇದನ್ನು ವಸೂಲು ಮಾಡುವವನಷ್ಟೇ ಅಲ್ಲ, ಕೊಡುವವನೂ ಘೋರ ಅಪರಾಧಿಯೆಂದು ಸಾರಿತು. ಕಾಯಬೇಕಾದ ಸರ್ಕಾರವೇ ಕಾಯದಿದ್ದಾಗ ಪ್ರಾಣಭಯದಿಂದ ಕೊಟ್ಟವನನ್ನೂ ಶಿಕ್ಷಿಸಹೊರಟದ್ದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

‘ಕಪ್ಪು’ ಎಂಬ ವಿಶೇಷಣಕ್ಕೆ ಎರಡು ವಿವರಣೆಗಳಿವೆ. ಬೆಳ್ಳಿಯ ನಾಣ್ಯದಲ್ಲಿ ಸಲ್ಲುವ ಗೇಣಿ ‘ಬಿಳಿ’, ದನ ಧಾನ್ಯಗಳಲ್ಲಿ ಸಲ್ಲುವುದು ‘ಕಪ್ಪು’ ಎಂಬುದು ಒಂದು. ಆದರೆ ಈ ಕಪ್ಪವನ್ನು ನಗದಾಗಿಯೂ ಪಡೆಯುತ್ತಿದ್ದರು. ಹಾಗಾಗಿ ಅಕ್ರಮವಾದದ್ದು, ಕೇಡಿನದು ಎಂಬ ಅರ್ಥದಲ್ಲಿ ‘ಕಪ್ಪು’ ಸೇರಿತೆಂಬ ಎರಡನೆಯ ವಿವರಣೆಯೇ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

1603ರಲ್ಲಿ ಎರಡೂ ರಾಜ್ಯಗಳಿಗೆ ಒಬ್ಬನೇ ಅರಸನಾದ ಮೇಲೆ ಗಡಿಯ ದಾಳಿಗಳು ಅಡಗಿದವು. ಸ್ಕಾಟ್ಲೆಂಡಿನ ಮಲೆಸೀಮೆಯಲ್ಲಿ ಮಾತ್ರ ಈ ವಸೂಲಿ 18ನೆಯ ಶತಮಾನದಲ್ಲಿಯೂ ನಡೆದಿತ್ತು; 1734ರಲ್ಲಿ ತೀರಿಕೊಂಡ ರಾಬ್ ರಾಯ್ ಮ್ಯಾಕ್‌ಗ್ರೆಗರ್ ದನಗಳ ಕಾವಲಿನ ಹೆಸರಿನಲ್ಲಿ ಇದನ್ನು ಪಡೆಯುತ್ತಿದ್ದವರಲ್ಲಿ ಪ್ರಸಿದ್ಧ. ಗುಟ್ಟು ರಟ್ಟು ಮಾಡುವೆನೆಂದು ಹೆದರಿಸಿ ಹಣ ಕೀಳುವುದೆಂಬ ಇಂದಿನ ಅರ್ಥ ನೆಲೆಗೊಂಡದ್ದು 19ನೆಯ ಶತಮಾನದಲ್ಲಿ. ಇಂಗ್ಲೆಂಡಿನ 1968ರ ಕಳವು ಕಾಯಿದೆಯಲ್ಲಿ ‘ಬ್ಲ್ಯಾಕ್‌ಮೇಲ್’ ಎಂಬುದೇ ಅಪರಾಧದ ಹೆಸರು. ನಮ್ಮಲ್ಲಿ ಹೀಗೆ ಹೆದರಿಸಿ ಹಣ ಕಿತ್ತರೆ ಅದು ಭಾರತೀಯ ನ್ಯಾಯ ಸಂಹಿತೆಯ 308ನೆಯ ಕಲಮಿನ ಪ್ರಕಾರ ‘ಸುಲಿಗೆ’ಯಾಗುತ್ತದೆ.